ಚಾಕುವೋ, ಮಾಲೆಯೋ

ವೈರಿಯ ಮಗ ಕಾರ್ವಿನ್ ರಾಜಕುಮಾರಿಯ ಕೈ ಹಿಡಿಯಲು ಒಂದೇ ಒಂದು ಸಾಲು ಬಾಕಿ ಇತ್ತು. ಅಷ್ಟರಲ್ಲಿ ಪಕ್ಕದ ಹಾಸಿಗೆಯ ಮಾಪಣ್ಣ, "ಗುರುವಾರದಿಂದ ನಾ ಬರಂಗಿಲ್ಲ" ಎಂದ. ರಮಿತಾ ಪುಸ್ತಕದಿಂದ ತಲೆಯೆತ್ತಿದಳು.

ಮುಂಬಯಿ ಕಡೆಯ ಕಲ್ಯಾಣ ಸ್ಟೇಷನ್ನಿನ ಹತ್ತಿರದ ಆ ಡಯಾಲಿಸಿಸ್ ಕೇಂದ್ರದಲ್ಲಿ ಸೋಮವಾರ, ಗುರುವಾರ ನಾಲ್ಕು ನಾಲ್ಕು ಗಂಟೆ ಇಬ್ಬರೂ ಅಕ್ಕಪಕ್ಕ ಮಲಗುವವರು. ಶಹಾಡಿನ ಕಾರ್ಖಾನೆಯಲ್ಲಿ ಮೂಟೆ ಹೊರುತ್ತಿದ್ದ ಮಾಪಣ್ಣನಿಗೆ ಕಿಡ್ನಿ ಕೈಕೊಟ್ಟು ಐದು ತಿಂಗಳಾಗಿತ್ತು. ಬಿಪಿಯಿಂದ ಹೀಗಾಯಿತು ಎಂದು ಡಾಕ್ಟರು, ದಾಯಾದಿ ಮಾಡಿಸಿದ ಭಾನಾಮತಿ ಮಾಟದಿಂದ ಎಂದು ಕಲಬುರಗಿ ಕಡೆಯ ಅವನ ಊರಿನ ಮಂತ್ರವಾದಿ. ಬದುಕಿರುವಷ್ಟು ದಿನವೂ ಬಾ ಎಂದು ಡಾಕ್ಟರು ಅನ್ನುತ್ತಿದ್ದರು. ಮಂತ್ರವಾದಿ ಒಂದೇ ಅಮಾವಾಸ್ಯೆಗೆ ಮುಗಿಸಿಕೊಡುತ್ತೇನೆ ಅಂದಿದ್ದ. ಸೂಜಿ ಚುಚ್ಚಿಸಿಕೊಂಡು ಸುಸ್ತಾದ ಮನುಷ್ಯನಿಗೆ ಯಾವುದು ರುಚಿಸೀತು? ಗುರುವಾರ ಹನ್ನೊಂದರ ಗಾಡಿಯ ಟಿಕೆಟ್ ಆಗಲೇ ಅಂಗಿಯ ಜೇಬಿನಲ್ಲಿತ್ತು. ಡಾಕ್ಟರು ಬೈದದ್ದು, ಹೆಂಡತಿ ಚಂದ್ರಬಾಯಿ ಅತ್ತದ್ದು ಎಲ್ಲವೂ ಗೋರ್ಕಲ್ಲ ಮೇಲೆ ಮಳೆ ಸುರಿದಂತಾಯಿತು. ಈ ಯಂತ್ರ ಬಿಟ್ಟು ಊರಿಗೆ ಹೋದರೆ ಹದಿನೈದು ದಿನ ಉಳಿಯುವುದೂ ಕಷ್ಟವೆಂದು ರಮಿತಾಳಿಗೆ ಗೊತ್ತಿತ್ತು. ನಾಲ್ಕನೆಯ ಹಾಸಿಗೆಯವರು ಹಾಗೇ ಹೋದವರು.

ಆದರೆ ಡೊಂಬಿವಲಿಯ ಹೋಟೆಲಿನವರ ಮಗಳಾದ ರಮಿತಾಳಿಗೆ ಯಾರಿಗೂ ಬುದ್ಧಿ ಹೇಳಿ ಅಭ್ಯಾಸವಿಲ್ಲ. ಇಪ್ಪತ್ತೆಂಟರ ಪ್ರಾಯ, ಮೂರು ವರ್ಷದಿಂದ ಇದೇ ಹಾಸಿಗೆ. ಸೂಜಿಯಿದ್ದ ಎಡಗೈ ಅಲುಗಿಸದೆ ಬಲಗೈಯ ಹೆಬ್ಬೆರಳಿನಿಂದಲೇ ದಪ್ಪ ದಪ್ಪ ಇಂಗ್ಲಿಷ್ ಕಾದಂಬರಿಗಳ ಪುಟ ಮಗುಚುವ ವಿದ್ಯೆ ಕಲಿತಿದ್ದಳು. ಇದನ್ನಂತೂ ಎರಡನೆಯ ಸಲ ಓದುತ್ತಿದ್ದಳು. ಎರಡು ವೈರಿ ಕೋಟೆಗಳು, ಒಂದೇ ಸಿಂಹಾಸನಕ್ಕೆ ಹೊಡೆದಾಡುವ ಒಬ್ಬ ಹುಡುಗ, ಒಬ್ಬಳು ಹುಡುಗಿ, ನಡುವೆ ಬೇಕಾದಷ್ಟು ಮಾಟ ಮಂತ್ರ. ಮೂರು ಪುಟಕ್ಕೊಮ್ಮೆ ಒಬ್ಬರ ಕುತ್ತಿಗೆಗೆ ಇನ್ನೊಬ್ಬರು ಕತ್ತಿ ಹಿಡಿಯುತ್ತಾರೆ, ನಾಲ್ಕನೆಯ ಪುಟದಲ್ಲಿ ಕಣ್ಣಲ್ಲಿ ಕಣ್ಣಿಟ್ಟು ಕತ್ತಿಯನ್ನೇ ಮರೆಯುತ್ತಾರೆ. ಕೊನೆ ಗೊತ್ತಿದ್ದೂ ಎದೆ ಡವಡವ ಅನ್ನುವುದೇ ಅದರ ಸುಖ. ಮದುವೆಯ ಸುದ್ದಿಯೇ ಇಲ್ಲದವಳಿಗೆ ಈ ಪ್ರೇಮದ ಪುಸ್ತಕ ಯಾಕೆ ಎಂದು ಅಮ್ಮ ಒಮ್ಮೆ ಕೇಳಿದ್ದರು. ಅದಕ್ಕೇ ಬೇಕು ಎಂದು ಅವಳು ಮನಸ್ಸಿನಲ್ಲೇ ಅಂದುಕೊಂಡಿದ್ದಳು.

"ದಿನಾ ಒಬ್ಬಾಕೇ ನಗತಿ. ಏನದ ತಂಗಿ ಆ ಪುಸ್ತಕದಾಗ?" ಮಾಪಣ್ಣ ಕೇಳಿದ.

"ಭಾನಾಮತಿ, ಅಣ್ಣಾ."

ಅವನ ಕಿವಿ ನೆಟ್ಟಗಾದವು. ಅವಳು ಹೇಳತೊಡಗಿದಳು. ಕಾರ್ವಿನ್ ಎಂಬ ಹೆಸರು ನಾಲಿಗೆಗೆ ಒಗ್ಗದೆ, ಸದಾ ಕಪ್ಪು ಬಟ್ಟೆ ಹಾಕುವವನೆಂದು ಮಾಪಣ್ಣ ಅವನಿಗೆ ಕಾಳಪ್ಪ ಎಂದು ನಾಮಕರಣ ಮಾಡಿದ. ಕಾಳಪ್ಪನ ಮೇಲೆ ಮಾಟ ಮಾಡಿಸಿದವನು ಸ್ವಂತ ಚಿಕ್ಕಪ್ಪ ಎಂದಾಗ, ದಾಯಾದಿ ಎಲ್ಲಾ ದೇಶದಾಗೂ ದಾಯಾದಿನೇ ಎಂದು ನಿಟ್ಟುಸಿರಿಟ್ಟ. ಇದೇ ಸಮಯವೆಂದು ರಮಿತಾ ಪುಸ್ತಕದಲ್ಲಿ ಇಲ್ಲದ್ದೊಂದನ್ನು ಸೇರಿಸಿದಳು. ರಕ್ತದಲ್ಲಿ ಸೇರಿದ ಆ ಮಾಟವನ್ನು ರಾಜಕುಮಾರಿ ವಾರಕ್ಕೆ ಎರಡು ಸಲ ಬೆಳ್ಳಿಯ ಕೊಳವೆಯಿಂದ ಹೊರತೆಗೆದು, ತೊಳೆದು, ಮತ್ತೆ ಮೈಗೆ ಬಿಡುತ್ತಾಳೆ. ಒಂದು ಸಲ ತಪ್ಪಿದರೂ ಜೀವಕ್ಕೆ ಅಪಾಯ.

ಮಾಪಣ್ಣ ತನ್ನ ಕೈಯ ಕೊಳವೆಯನ್ನು ನೋಡಿದ, ಅವಳನ್ನು ನೋಡಿದ.

"ಇದು ಪುಸ್ತಕದಾಗ ಇಲ್ಲ. ನೀ ಹಾಕಿದ್ದಿ. ಅಷ್ಟೂ ತಿಳಿಯಂಗಿಲ್ಲೇನು ನನಗ?"

ರಮಿತಾಳ ಮುಖ ಕೆಂಪಾಯಿತು.

"ಅದು ಬಿಡು. ಕಡೀಕ ಆ ಹುಡುಗಿ ಕಾಳಪ್ಪಗ ಚಾಕು ಹಾಕ್ತಾಳೋ, ಮಾಲಿ ಹಾಕ್ತಾಳೋ? ಅದು ಹೇಳು."

ಅವನ ಕಣ್ಣಲ್ಲಿ ಇದ್ದದ್ದು, ಮೊದಲ ಸಲ ಓದುವಾಗ ತನಗಿದ್ದ ಅದೇ ಆಸೆ. ರಮಿತಾ ಪುಸ್ತಕ ಮುಚ್ಚಿದಳು. "ನಾನೂ ಅಲ್ಲಿಯವರೆಗೇ ಓದಿದ್ದು ಮಾರಾಯ್ರೆ. ಗುರುವಾರ ಹೇಳ್ತೇನೆ."

"ಗುರುವಾರ ನಾ ಇರಂಗಿಲ್ಲಲ್ಲ."

"ಹಾಗಾದ್ರೆ ನಿಮಗೆ ಗೊತ್ತಾಗುದಿಲ್ಲ."

ಅಷ್ಟು ಕಠಿಣವಾಗಿ ಅವಳು ಯಾರೊಂದಿಗೂ ಮಾತಾಡಿದವಳಲ್ಲ. ಅಂದು ಲೋಕಲ್ ರೈಲಿನಲ್ಲಿ ಮನೆ ಮುಟ್ಟುವವರೆಗೂ ಅವಳು ಪುಸ್ತಕ ತೆರೆಯಲಿಲ್ಲ. ಸುಮ್ಮನೆ ಕೊನೆ ಹೇಳಿ ಕಳಿಸಿದ್ದರೆ ಪಾಪ, ಸಂತೋಷವಾಗಿಯಾದರೂ ಹೋಗುತ್ತಿದ್ದ.

ಗುರುವಾರ ಒಂಬತ್ತಾದರೂ ಪಕ್ಕದ ಹಾಸಿಗೆ ಖಾಲಿ. ಒಂಬತ್ತೂವರೆಗೆ ಟೆಕ್ನಿಶಿಯನ್ ವಿಶಾಲ್ ಹಾಸಿಗೆಗಾಗಿ ಕಾಯುವವರ ಪಟ್ಟಿ ಹಿಡಿದು ಬಂದ. ಇನ್ನು ಹತ್ತು ನಿಮಿಷ ನೋಡು ಎಂದು ರಮಿತಾ ಅವನನ್ನು ಬೇಡಿಕೊಂಡಳು. ಎದೆಯ ಮೇಲೆ ಪುಸ್ತಕ ತೆರೆದಿತ್ತು, ಒಂದಕ್ಷರವೂ ತಲೆಗೆ ಹೋಗುತ್ತಿರಲಿಲ್ಲ. ಆಗ ಬಾಗಿಲಲ್ಲಿ ಮಾಪಣ್ಣ ಕಾಣಿಸಿದ. ಹಿಂದೆ ಚಂದ್ರಬಾಯಿ, ಕಂಕುಳಲ್ಲಿ ಊರಿಗೆಂದು ಕಟ್ಟಿದ ಗಂಟು.

"ಕೂಡಾಕ ಬಂದಿಲ್ಲ. ಹನ್ನೊಂದಕ್ಕ ಗಾಡಿ ಅದ" ಎಂದ, ಯಾರೋ ಎಳೆದು ತಂದಂಥ ಸಿಟ್ಟಿನಲ್ಲಿ. "ಜಲ್ದಿ ಹೇಳು. ಚಾಕುನೋ, ಮಾಲಿನೋ?"

"ಮಲಗಿ, ಹೇಳ್ತೇನೆ. ನಿಂತವರಿಗೆ ಹೇಳುವ ಕಥೆ ಅಲ್ಲ ಇದು."

ಗೊಣಗುತ್ತಲೇ ಅವನು ಮಲಗಿದ. ವಿಶಾಲ್ ಬಿಟ್ಟಾನೆಯೇ, ಆ ಗಳಿಗೆಯಲ್ಲೇ ಸೂಜಿ ಹಾಕಿ ಯಂತ್ರ ಶುರು ಮಾಡಿದ. ಕೊನೆಯ ಪುಟಕ್ಕೆ ಬೆರಳಿಟ್ಟುಕೊಂಡೇ ರಮಿತಾ ಎಪ್ಪತ್ತು ಪುಟ ಹಿಂದಕ್ಕೆ ಹೋದಳು. ಕೋಟೆಯ ಗೋಡೆ ಎಷ್ಟೆತ್ತರ, ಗಾಳಿ ಹೇಗೆ ಬೀಸುತ್ತಿತ್ತು, ಕುದುರೆ ಯಾಕೆ ಬೆಚ್ಚಿತು, ಒಂದನ್ನೂ ಬಿಡಲಿಲ್ಲ. ಹುಡುಗಿ ಸೆರಗಿಗೆ ಚಾಕು ಕಟ್ಟಿಕೊಂಡು ಕಾಳಪ್ಪನ ಕೋಣೆಯ ಮೆಟ್ಟಿಲಲ್ಲಿ ಅರ್ಧಕ್ಕೆ ಬರುವಷ್ಟರಲ್ಲಿ ಗೋಡೆಯ ಗಡಿಯಾರ ಹನ್ನೊಂದು ತೋರಿಸುತ್ತಿತ್ತು.

ಸ್ಟೇಷನ್ ಕಡೆಯಿಂದ ಗಾಡಿಯ ಕೂಗು ಉದ್ದಕ್ಕೆ ಕೇಳಿತು. ಚಂದ್ರಬಾಯಿ ಗಂಟಿನ ಮೇಲೆ ಕೈಯಿಟ್ಟು ಗಂಡನ ಮುಖ ನೋಡಿದಳು. ರಮಿತಾ ಮಾತು ನಿಲ್ಲಿಸಿದಳು.

ಮಾಪಣ್ಣ ಕಣ್ಣು ಮುಚ್ಚಿಕೊಂಡೇ ಇದ್ದ.

"ಮುಂದ?" ಎಂದ.