ನಾಯಕನ ಧ್ವನಿ

ಹೆಸರಾಂತ ನಾಯಕನಟರೊಬ್ಬರ ಧ್ವನಿಯಲ್ಲಿ ಚಹಾಪುಡಿಯ ಜಾಹೀರಾತು ರೇಡಿಯೋದಲ್ಲಿ ಬಂದಿತ್ತು. ಮಾತಾಡಿದವರು ಅವರಲ್ಲ, ಚೆನ್ನವೀರನೆಂಬ ಮಿಮಿಕ್ರಿ ಕಲಾವಿದ. ಅದನ್ನು ನಿಲ್ಲಿಸುವ ಕೆಲಸವನ್ನು ನಟರ ಮ್ಯಾನೇಜರು ವಕೀಲೆ ಶಾಂಭವಿಗೆ ಒಪ್ಪಿಸಿದರು. ಆ ನಟರು ಅವಳಿಗೆ ಸಿಕ್ಕ ಮೊದಲ ದೊಡ್ಡ ಕಕ್ಷಿದಾರರು. ನೋಟಿಸು ಕೊಟ್ಟು, ಚೆನ್ನವೀರನನ್ನು ನಟರ ಮನೆಗೇ ಕರೆಸಿದಳು.

ಬಂದವನು ಬಡಕಲು ಆಸಾಮಿ. ಕುರ್ಚಿಯ ತುದಿಯಲ್ಲಿ ಕುಳಿತ. ಶಾಂಭವಿಗೆ ಹುರುಪು ಬಂತು.

"ಕಾಲ ಮೊದಲಿನ ಹಾಗಿಲ್ಲ ಇವರೇ. ಹೆಸರು, ಮುಖದ ಹಾಗೆ ಧ್ವನಿಯೂ ಅವರವರ ಸ್ವತ್ತು ಅಂತ ಈಗ ಕೋರ್ಟುಗಳೇ ಹೇಳ್ತಿವೆ."

"ಹಂಗೇನ್ರಿ ಮೇಡಂ? ನನಗ ಗೊತ್ತಿರಲಿಲ್ರಿ."

"ಇನ್ಮೇಲೆ ಈ ಧ್ವನಿಯಲ್ಲಿ ಒಂದು ಮಾತೂ ಆಡೋದಿಲ್ಲ ಅಂತ ಬರೆದುಕೊಡಿ. ಜಾಹೀರಾತು, ನಾಟಕ, ಸಿನಿಮಾ, ಯಾವುದರಲ್ಲೂ."

ಸೋಫಾದಲ್ಲಿದ್ದ ನಟರು ಗಡಿಬಿಡಿಯಿಂದ ಕೈ ಎತ್ತಿದರು.

"ನೀವು ಸುಮ್ಮನಿರಿ ಸರ್, ನಾನು ನೋಡ್ಕೋತೀನಿ," ಎಂದು ಶಾಂಭವಿ ಕಾಗದವನ್ನು ಚೆನ್ನವೀರನ ಮುಂದಿಟ್ಟಳು.

ಅವನು ನಿಧಾನವಾಗಿ ಓದಿದ. "ಸಿನಿಮಾನೂ ಬ್ಯಾಡೇನ್ರಿ?"

"ಅದೇ ಮುಖ್ಯ."

ಅವನು ಸಹಿ ಮಾಡಿದ. ಗೆದ್ದ ಖುಷಿಯಲ್ಲಿ ಶಾಂಭವಿ ಕಾಗದವನ್ನು ಮಡಚಿ ಚೀಲಕ್ಕೆ ಸೇರಿಸಿದಳು.

ಚೆನ್ನವೀರ ಎದ್ದು ನಟರಿಗೆ ಕೈಮುಗಿದ. "ಸಾಹೇಬ್ರ, ನಿಮ್ಮ ಗಂಟಲ ಆಪರೇಷನ್ ಆದಾಗಿಂದ ನಾಕು ಪಿಕ್ಚರಿಗೆ ನಾನ ನಿಮ್ಮ ಧ್ವನಿ ಕೊಟ್ಟೇನ್ರಿ, ಸೋಮವಾರದ ಡಬ್ಬಿಂಗಿಗೆ ಬ್ಯಾರೆ ಯಾರನ್ನರ ನೋಡ್ಕೋರಿ."