ಹೊಸ ಸಾವುಕಾರರು

ಸರ್ಕಾರದ ಟ್ರಾನ್ಸ್‌ಫಾರ್ಮರ್ ಕಾರ್ಖಾನೆಯನ್ನು ಮಾರುತ್ತಾರೆಂಬ ಸುದ್ದಿ ಖಚಿತವಾದ ದಿನ ಕಾರ್ಮಿಕರು ಗೇಟಿನ ಮುಂದೆ ಧರಣಿ ಕೂತರು. ಅವರ ಪರವಾಗಿ ಫೋರ್‌ಮನ್ ಜವರಯ್ಯ ಇಲಾಖೆಯ ಕಾರ್ಯದರ್ಶಿಯ ಎದುರು ಹೋಗಿ ನಿಂತ. ಇಪ್ಪತ್ತಾರು ವರ್ಷ ಅಲ್ಲೇ ತಾಮ್ರದ ತಂತಿ ಸುತ್ತಿದ ಕೈ ಅವನದು.

"ಲಾಭದಾಗೇ ನಡೀತಾ ಐತಲ್ಲ ಸ್ವಾಮಿ, ಯಾಕೆ ಮಾರ್ತೀರಿ?"

"ಲಾಭ ನಷ್ಟದ ಪ್ರಶ್ನೆ ಅಲ್ಲ ಜವರಯ್ಯ. ಕಾಲ ಬದಲಾಗಿದೆ. ಕಾರ್ಖಾನೆ ನಡೆಸೋದು ಸರ್ಕಾರದ ಕೆಲಸವೇ ಅಲ್ಲ ಅಂತ ಈಗ ಪ್ರಪಂಚವೇ ಒಪ್ಪಿದೆ. ಸರ್ಕಾರದ ಕೈಲಿದ್ರೆ ಯಾವುದೂ ಬೆಳೆಯಲ್ಲ."

ಅಷ್ಟು ಓದಿದವರ ಮಾತನ್ನು ಜವರಯ್ಯ ನಂಬಿದ. ವಾಪಸ್ ಬಂದವನೇ, "ಪ್ರಪಂಚದಾಗೆಲ್ಲ ಹಿಂಗೇ ಅಂತೆ, ಏಳ್ರಪ್ಪಾ" ಎಂದು ಧರಣಿ ಕೂತವರನ್ನು ತಾನೇ ಎಬ್ಬಿಸಿದ. ಕೆಲವರು ಅವನ ಜೊತೆ ಮಾತು ಬಿಟ್ಟರು.

ಆರು ತಿಂಗಳಲ್ಲಿ ಹೊರದೇಶದ ಕಂಪನಿಯೊಂದು ಕಾರ್ಖಾನೆಯನ್ನು ಕೊಂಡಿತು. ಬೋರ್ಡು ಬದಲಾಯಿತು, ಹೊಸ ಯಂತ್ರಗಳೂ ಬಂದಿಳಿದವು. ಅವುಗಳ ಹೊಳಪು ನೋಡುತ್ತಾ ಜವರಯ್ಯನ ಮನಸ್ಸು ಹಗುರಾಯಿತು. ತಾನು ಮಾಡಿದ್ದು ತಪ್ಪಲ್ಲ ಅನ್ನಿಸಿತು. ಯಂತ್ರ ಕೂರಿಸಲು ಬಂದಿದ್ದ ವಿದೇಶಿ ಎಂಜಿನಿಯರನ ಬಳಿ ದುಭಾಷಿಯನ್ನು ಕರೆದುಕೊಂಡು ಹೋದ.

"ಇಷ್ಟೊಂದು ದುಡ್ಡು ಸುರಿಯಾಕೆ ಗುಂಡಿಗೆ ಬೇಕು. ಇವ್ರ ಸಾವುಕಾರ್ರು ಯಾರಂತೆ, ಕೇಳಿ ಸ್ವಾಮಿ."

ದುಭಾಷಿ ಕೇಳಿದ. ಎಂಜಿನಿಯರ್ ಹೆಮ್ಮೆಯಿಂದ ಎದೆ ಮುಟ್ಟಿಕೊಂಡು ಏನೋ ಹೇಳಿದ. ದುಭಾಷಿ ಜವರಯ್ಯನ ಕಡೆ ತಿರುಗಿದ.

"ಸಾವುಕಾರ್ರು ಅಂತ ಯಾರೂ ಇಲ್ವಂತೆ ಯಜಮಾನ್ರೆ. ಇದು ಅವರ ದೇಶದ ಸರ್ಕಾರಿ ಕಂಪನಿಯಂತೆ."