ಇನ್ನೊಂದೆರಡು ಎಳೆ

ಕೆಳಗೆ ಲಾರಿ ಹಾರ್ನ್ ಹೊಡೆಯುತ್ತಿತ್ತು. ಬೇರೆ ಮನೆ ಮಾಡಿ ಹೊರಟಿದ್ದ ಮಂದಾಕಿನಿಗೆ ಇನ್ನು ಬೇಕಾದದ್ದು ತಾರಸಿಯ ಮೇಲಿನ ಟೊಮೇಟೊ ಗಿಡ ಒಂದೇ. ಮಣ್ಣಿಲ್ಲದೆ ನೀರಿನ ಟಬ್ಬಿನಲ್ಲೇ ಬೆಳೆದ ಅದರ ಬೇರು, ಜೊತೆಗಿದ್ದ ಪುದೀನದ ಬೇರಿಗೆ ಸುತ್ತಿಕೊಂಡಿತ್ತು. ಹಿರಿಯ ಓರಗಿತ್ತಿ ಮೊಣಕೈವರೆಗೆ ಕೈ ಮುಳುಗಿಸಿ, ಒಂದು ಗಂಟೆಯಿಂದ ಬಿಡಿಸುತ್ತಲೇ ಇದ್ದಳು.

"ಕತ್ತರಿಸಿಬಿಡಿ ಅಕ್ಕಾ."

"ಬೇರು ತುಂಡಾದ್ರೆ ಗಿಡ ಬಾಡುತ್ತೆ ಕಣೇ. ಇನ್ನೊಂದೆರಡು ಎಳೆ. ಲಾರಿಯವನಿಗೆ ಸ್ವಲ್ಪ ನಿಲ್ಲೋಕೆ ಹೇಳು."

"ಆಗಲೂ ಎರಡೇ ಅಂದ್ರಿ! ನಾನೊಂದು ಗಿಡ ಒಯ್ಯೋದೂ ನಿಮಗೆ ಸಹಿಸೋಕಾಗಲ್ಲ, ಅಲ್ವಾ?"

ಓರಗಿತ್ತಿ ಕೈಯನ್ನು ನೀರಿನೊಳಗೆ ಇನ್ನಷ್ಟು ಆಳಕ್ಕೆ ಇಳಿಸಿದಳು.

ಸಿಟ್ಟಿಗೆದ್ದ ಮಂದಾಕಿನಿ ತಾನೇ ಟಬ್ಬಿಗೆ ಕೈಹಾಕಿದಳು. ಬೇರುಗಳೆಲ್ಲ ಯಾವಾಗಲೋ ಬಿಡಿಬಿಡಿಯಾಗಿದ್ದವು. ಅಕ್ಕನ ಬೆರಳುಗಳು ಅವನ್ನು ಒಂದೊಂದಾಗಿ ಮತ್ತೆ ಹೆಣೆಯುತ್ತಿದ್ದವು.